ನ್ಯೂಕ್ಲಿಯರ್ ಮೆಡಿಸಿನ್ ತಂತ್ರಜ್ಞರ ತರಬೇತಿ: ಶುಲ್ಕ ಕಟ್ಟುವ ಮುನ್ನ ಮಾನ್ಯತೆ ನೋಡಿ

ರಬಾಳೆ: ಹನ್ನೆರಡನೇ ತರಗತಿಯ ಫಲಿತಾಂಶ ಬಂತೆಂದರೆ ಇಲ್ಲಿನ ತುಳು-ಕನ್ನಡಿಗರ ಮನೆಗಳಲ್ಲಿ ಇಂಜಿನಿಯರಿಂಗೋ ಮೆಡಿಕಲೋ ಎಂಬ ಚರ್ಚೆ ಆರಂಭವಾಗುತ್ತದೆ. ಮೆಡಿಕಲ್ ಸೀಟು ಕೈತಪ್ಪಿದ ಮಕ್ಕಳಿಗೆ ಆಸ್ಪತ್ರೆಯ ಇನ್ನೊಂದು ಬಾಗಿಲು ತೆರೆದಿದೆ ಎಂಬುದು ಎಂಐಡಿಸಿ ಕಾರ್ಖಾನೆ, ಹೋಟೆಲುಗಳಲ್ಲಿ ದುಡಿಯುವ ಅನೇಕ ಹೆತ್ತವರಿಗೆ ತಿಳಿದಿಲ್ಲ. ಅದೇ ನ್ಯೂಕ್ಲಿಯರ್ ಮೆಡಿಸಿನ್ ತಂತ್ರಜ್ಞರ ವೃತ್ತಿ.

ಎಕ್ಸ್‌ರೇಯಲ್ಲಿ ಕಿರಣ ಹೊರಗಿನ ಯಂತ್ರದಿಂದ ಬರುತ್ತದೆ. ಇಲ್ಲಿ ಹಾಗಲ್ಲ. ಅತ್ಯಲ್ಪ ಪ್ರಮಾಣದ ವಿಕಿರಣಶೀಲ ಔಷಧವನ್ನು ರೋಗಿಯ ದೇಹಕ್ಕೆ ಕೊಟ್ಟು, ಒಳಗಿನಿಂದ ಹೊರಸೂಸುವ ಕಿರಣವನ್ನು ಗಾಮಾ ಕ್ಯಾಮರಾ ಅಥವಾ ಪೆಟ್ ಸ್ಕ್ಯಾನ್ ಯಂತ್ರದಿಂದ ಸೆರೆಹಿಡಿಯಲಾಗುತ್ತದೆ. ಮೂಳೆಗೆ ಹರಡಿದ ಕ್ಯಾನ್ಸರ್, ಹೃದಯದ ರಕ್ತಪೂರೈಕೆ, ಥೈರಾಯ್ಡ್ ಗ್ರಂಥಿಯ ಕೆಲಸ ಇದರಿಂದ ತಿಳಿಯುತ್ತದೆ. ಹೆಚ್ಚಾಗಿ ಬಳಸುವ ಟೆಕ್ನೀಶಿಯಂ-99ಎಂ ಆರು ಗಂಟೆಗಳಲ್ಲಿ ಅರ್ಧಕ್ಕಿಳಿದರೆ, ಪೆಟ್ ಸ್ಕ್ಯಾನಿನ ಫ್ಲೋರಿನ್-18 ಸುಮಾರು 110 ನಿಮಿಷಗಳಲ್ಲೇ ಅರ್ಧವಾಗುತ್ತದೆ. ಆದ್ದರಿಂದ ಬೆಳಿಗ್ಗೆಯೇ ಔಷಧ ಸಿದ್ಧಪಡಿಸಿ, ಅಳೆದು, ರೋಗಿಗಳ ಸರದಿಯನ್ನು ಗಡಿಯಾರ ನೋಡಿ ನಿಭಾಯಿಸುವ ಹೊಣೆ ತಂತ್ರಜ್ಞರದು.

ನವಿಮುಂಬಯಿಗರಿಗೆ ಈ ಕ್ಷೇತ್ರ ದೂರದ್ದೇನಲ್ಲ. ದೇಶದ ಆಸ್ಪತ್ರೆಗಳಿಗೆ ಇಂತಹ ಔಷಧಗಳನ್ನು ಪೂರೈಸುವ ಪರಮಾಣು ಶಕ್ತಿ ಇಲಾಖೆಯ 'ಬ್ರಿಟ್' ಸಂಸ್ಥೆ ಇರುವುದು ವಾಶಿಯಲ್ಲಿ. ಟಾಟಾ ಸ್ಮಾರಕ ಕೇಂದ್ರದ ಆಕ್ಟ್ರೆಕ್ ಇರುವುದು ಖಾರ್‌ಘರ್‌ನಲ್ಲಿ. ಬಿಎಆರ್‌ಸಿಯು 1963ರಲ್ಲಿ ಪರೇಲ್‌ನಲ್ಲಿ ಆರಂಭಿಸಿದ ರೇಡಿಯೇಶನ್ ಮೆಡಿಸಿನ್ ಸೆಂಟರ್ ವಿಜ್ಞಾನ ಪದವೀಧರರಿಗೆ ದಶಕಗಳಿಂದ ತರಬೇತಿ ನೀಡುತ್ತ ಬಂದಿದೆ. ಹನ್ನೆರಡರ ನಂತರ ನೇರವಾಗಿ ಸೇರಬಯಸುವವರಿಗೆ ಊರಿನ ಕಡೆ ಮಣಿಪಾಲದಲ್ಲಿ ಬಿಎಸ್ಸಿ ಪದವಿ ಶಿಕ್ಷಣವಿದೆ. ಅದಕ್ಕೆ ವಿಜ್ಞಾನ ವಿಷಯ ಓದಿರಬೇಕು.

ಎಚ್ಚರ ವಹಿಸಬೇಕಾದ ವಿಷಯ ಇಲ್ಲಿದೆ. ಈ ವಿಭಾಗ ನಡೆಸಲು ಆಸ್ಪತ್ರೆಗೆ ಅಣುಶಕ್ತಿ ನಿಯಂತ್ರಣ ಮಂಡಳಿ(ಎಇಆರ್‌ಬಿ)ಯ ಪರವಾನಗಿ ಬೇಕು. ತಂತ್ರಜ್ಞರ ವಿದ್ಯಾರ್ಹತೆಯನ್ನೂ ಮಂಡಳಿಯೇ ನಿಗದಿಪಡಿಸಿದೆ. 'ಇಮೇಜಿಂಗ್' ಎಂದು ಹೆಸರಿಟ್ಟ ಯಾವುದೋ ಸರ್ಟಿಫಿಕೇಟ್ ಕೋರ್ಸಿಗೆ ಸಾಲ ಮಾಡಿ ಹಣ ಕಟ್ಟಿದರೆ ಆ ಕಾಗದ ಕೆಲಸಕ್ಕೆ ಬಾರದೆ ಹೋಗಬಹುದು. ವಿಶ್ವವಿದ್ಯಾಲಯದ ಮಾನ್ಯತೆ, ಎಇಆರ್‌ಬಿ ಅರ್ಹತೆ, ತರಬೇತಿ ನೀಡುವ ಆಸ್ಪತ್ರೆಯಲ್ಲಿ ಗಾಮಾ ಕ್ಯಾಮರಾ ನಿಜಕ್ಕೂ ಇದೆಯೇ ಎಂಬ ಈ ಮೂರನ್ನು ಮೊದಲು ಕೇಳಬೇಕು.

ವಿಕಿರಣದ ಭಯದಿಂದ ಹೆಣ್ಣುಮಕ್ಕಳನ್ನು ಕಳುಹಿಸಲು ಹಿಂಜರಿಯುವವರಿದ್ದಾರೆ. ಸಿಬ್ಬಂದಿ ಎದೆಯ ಮೇಲೆ ಧರಿಸುವ ಟಿಎಲ್‌ಡಿ ಬ್ಯಾಡ್ಜ್ ಅವರಿಗೆ ತಗಲಿದ ವಿಕಿರಣದ ಲೆಕ್ಕ ಇಡುತ್ತದೆ. ಐದು ವರ್ಷಗಳ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು, ಯಾವ ಒಂದು ವರ್ಷದಲ್ಲೂ 30 ದಾಟಬಾರದು ಎಂಬುದು ನಿಯಮ. ಗರ್ಭಿಣಿಯರಿಗೆ ಮಿತಿ ಇನ್ನೂ ಬಿಗಿ.

ಎಕ್ಸ್‌ರೇ ಕೇಂದ್ರಗಳಂತೆ ಈ ವಿಭಾಗಗಳು ಗಲ್ಲಿಗೊಂದಿಲ್ಲ. ಉದ್ಯೋಗ ಹೆಚ್ಚಾಗಿ ದೊಡ್ಡ ನಗರಗಳಲ್ಲೇ ಇದೆ, ಪರವೂರಿಗೆ ಹೋಗುವ ಸಿದ್ಧತೆಯೂ ಬೇಕು. ಆದರೆ ಕಲಿತವರಿಗೆ ಆಸ್ಪತ್ರೆಯಲ್ಲದೆ ಸೈಕ್ಲೋಟ್ರಾನ್ ಘಟಕ, ಯಂತ್ರೋಪಕರಣ ಕಂಪೆನಿಗಳಲ್ಲೂ ಅವಕಾಶವಿದೆ. ಪ್ರತ್ಯೇಕ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮಂಡಳಿಯ ಅನುಮೋದನೆ ಪಡೆದರೆ ವಿಕಿರಣ ಸುರಕ್ಷತಾ ಅಧಿಕಾರಿಯೂ ಆಗಬಹುದು.

ವರ್ಷಂಪ್ರತಿ ವಿದ್ಯಾರ್ಥಿವೇತನ ವಿತರಿಸುವ ಕನ್ನಡ ಸಂಘಗಳು ಅಂಕಪಟ್ಟಿಯ ಜತೆಗೆ ಕೋರ್ಸಿನ ಮಾನ್ಯತಾ ಪತ್ರವನ್ನೂ ಕೇಳುವ ಪರಿಪಾಠ ಇಟ್ಟುಕೊಂಡರೆ, ಸಮಾಜ ಬಾಂಧವರ ಮಕ್ಕಳ ಹಣವೂ ಉಳಿದೀತು, ಮೂರು-ನಾಲ್ಕು ವರ್ಷಗಳ ಶ್ರಮವೂ ಉಳಿದೀತು.