ಪರದೇಶದ ಸೈನ್ಯವೂ ಧರ್ಮಾಂಧರ ಕಲಹವೂ: ಮಾಲಿ ದೇಶದ ನಿದರ್ಶನ

ಧರ್ಮಾಂಧ ಪಂಥಗಳು ಹೂಡಿದ ಕಲಹವನ್ನು ಪರದೇಶದ ಸೈನ್ಯವೊಂದು ಬಂದು ಕೊನೆಗಾಣಿಸಬಲ್ಲುದೆ? ಕೇವಲ ತತ್ತ್ವದೃಷ್ಟಿಯಿಂದ ಚರ್ಚಿಸಿದರೆ ಹೌದು, ಅಲ್ಲ ಎಂಬ ಎರಡು ಪಕ್ಷಗಳೂ ಸಮಬಲವುಳ್ಳವಾಗಿ ತೋರುತ್ತವೆ. ಆದುದರಿಂದ ಒಂದು ನಿದರ್ಶನವನ್ನು ಹಿಡಿದು ಪರಿಶೀಲಿಸುವುದು ಲೇಸು. ಪಶ್ಚಿಮ ಆಫ್ರಿಕದ ಮಾಲಿ ದೇಶದಲ್ಲಿ ಫ್ರೆಂಚರು ೨೦೧೩ರಿಂದ ೨೦೨೨ರವರೆಗೆ ನಡೆಸಿದ ಕಾರ್ಯಾಚರಣೆ ಇದಕ್ಕೆ ತಕ್ಕುದಾಗಿದೆ.

೨೦೧೨ರ ಜನವರಿಯಲ್ಲಿ ಉತ್ತರ ಮಾಲಿಯ ಮರುಭೂಮಿಯ ಟುವಾರೆಗ್ ಜನರು ಸ್ವಾತಂತ್ರ್ಯವನ್ನು ಬಯಸಿ ದಂಗೆಯೆದ್ದರು. ಮಾರ್ಚ್ ತಿಂಗಳಲ್ಲಿ ರಾಜಧಾನಿಯಾದ ಬಮಾಕೊದಲ್ಲಿ ಸೈನಿಕರೇ ಸರ್ಕಾರವನ್ನು ಉರುಳಿಸಿದರು. ಈ ಗೊಂದಲದಲ್ಲಿ ಕಿಡಾಲ್, ಗಾವೊ, ಟಿಂಬಕ್ಟು ನಗರಗಳು ದಂಗೆಕೋರರ ವಶವಾದವು. ಕೆಲವೇ ತಿಂಗಳುಗಳಲ್ಲಿ ಅಲ್-ಕೈದಾದ ನಂಟುಳ್ಳ ಪಂಥಗಳು ಸ್ವಾತಂತ್ರ್ಯವಾದಿಗಳನ್ನು ಹೊರದೂಡಿ ತಾವೇ ಅಧಿಕಾರಕ್ಕೆ ಬಂದವು. ಟಿಂಬಕ್ಟುವಿನ ಸಂತರ ಗೋರಿಗಳನ್ನು ಕೆಡವಿದವು. ೨೦೧೩ರ ಜನವರಿ ೧೦ರಂದು ದೇಶದ ಮಧ್ಯಭಾಗದ ಕೊನ್ನಾ ಪಟ್ಟಣವೂ ಬಿದ್ದಿತು. ಮಾಲಿ ಸರ್ಕಾರದ ಮೊರೆಯನ್ನು ಕೇಳಿ ಮರುದಿನವೇ ಫ್ರೆಂಚ್ ಸೈನ್ಯ ಯುದ್ಧರಂಗಕ್ಕಿಳಿಯಿತು. ಆ ತಿಂಗಳು ಮುಗಿಯುವುದರೊಳಗಾಗಿ ಗಾವೊ, ಟಿಂಬಕ್ಟು ಎರಡೂ ಬಿಡುಗಡೆ ಹೊಂದಿದವು.

ಇದು ನಿಜವಾದ ವಿಜಯವೆಂಬುದನ್ನು ಅಲ್ಲಗಳೆಯಲಾಗದು. ನಗರಗಳನ್ನು ಹಿಡಿದು ಆಳುವ ಶತ್ರುವಿಗೆ ಒಂದು ನೆಲೆಯುಂಟು. ನೆಲೆಯಿದ್ದವನನ್ನು ಸೈನ್ಯವು ಓಡಿಸಬಲ್ಲುದು. ಆದರೆ ಓಡಿದವರು ಚದುರಿದರೇ ಹೊರತು ಅಳಿಯಲಿಲ್ಲ. ೨೦೧೪ರಲ್ಲಿ ಫ್ರೆಂಚರು ಕಾರ್ಯಕ್ಷೇತ್ರವನ್ನು ಐದು ದೇಶಗಳಿಗೆ ವಿಸ್ತರಿಸಿದರು. ಸೈನಿಕರ ಸಂಖ್ಯೆ ಒಂದು ಹಂತದಲ್ಲಿ ಸುಮಾರು ೫,೦೦೦ಕ್ಕೆ ಏರಿತು. ಪಂಥಗಳ ಹಲವು ನಾಯಕರು ಹತರಾದರು. ಆದರೂ ಕಲಹವು ಮರುಭೂಮಿಯಿಂದ ದಕ್ಷಿಣಕ್ಕೆ ಸರಿದು, ಮೊಪ್ತಿ ಪ್ರಾಂತವನ್ನೂ ಅನಂತರ ನೆರೆಯ ಬುರ್ಕಿನಾ ಫಾಸೊ, ನೈಜರ್ ದೇಶಗಳನ್ನೂ ವ್ಯಾಪಿಸಿತು.

ಇದರ ಕಾರಣವನ್ನು ಮೊಪ್ತಿ ಪ್ರಾಂತದ ಹುಲ್ಲುಗಾವಲುಗಳಲ್ಲಿ ಹುಡುಕಬೇಕು. ಅಲ್ಲಿ ನೈಜರ್ ನದಿಯ ನೆರೆ ಇಳಿದ ಮೇಲೆ ಒಳ್ಳೆಯ ಮೇವು ದೊರೆಯುತ್ತದೆ. ಫುಲಾನಿ ದನಗಾಹಿಗಳು ಮಂದೆಗಳನ್ನು ಅಲ್ಲಿಗೆ ಹೊಡೆದುತರುತ್ತಾರೆ. ಹುಲ್ಲುಗಾವಲಿನ ವಂಶಪಾರಂಪರ್ಯದ ಯಜಮಾನರು ಸುಂಕವನ್ನು ಎತ್ತುತ್ತಾರೆ. ಮೊದಲು ಯಾರ ಮಂದೆ ಇಳಿಯಬೇಕು, ಯಾವ ನೆಲ ಬೇಸಾಯಕ್ಕೆ ಸಲ್ಲಬೇಕು ಎಂಬ ವ್ಯಾಜ್ಯಗಳು ಬಹು ಹಳೆಯವು. ೧೮೧೮ರಲ್ಲಿ ಸ್ಥಾಪಿತವಾದ ಸೇಕು ಅಮಡೂವಿನ ಮಾಸಿನಾ ರಾಜ್ಯವು ಇವುಗಳಿಗೆ ಕಟ್ಟುಪಾಡುಗಳನ್ನು ವಿಧಿಸಿತ್ತು. ನಮ್ಮ ಕಾಲದಲ್ಲಿ ಸರ್ಕಾರದ ನ್ಯಾಯಾಲಯಗಳು ದೂರವಾದವು, ತಡವಾದವು, ಲಂಚಕ್ಕೆ ಈಡಾದವು. ೨೦೧೫ರ ವೇಳೆಗೆ ಅಮಡೂ ಕೂಫಾ ಎಂಬ ಬೋಧಕನು ಮಾಸಿನಾ ರಾಜ್ಯದ ನೆನಪನ್ನೆಬ್ಬಿಸಿ ಪಡೆಯನ್ನು ಕಟ್ಟಿದನು. ಅವನ ಕಡೆಯವರು ಅಧಿಕಾರಿಗಳನ್ನು ಓಡಿಸಿ, ವ್ಯಾಜ್ಯಗಳಿಗೆ ತಾವೇ ತೀರ್ಪಿತ್ತರು. ಎದುರಿಸಿದವರನ್ನು ಕೊಲ್ಲಲೂ ಹಿಂಜರಿಯಲಿಲ್ಲ. ಆದರೂ ತೀರ್ಪು ಬೇಗ ಸಿಕ್ಕಿತು. ಅನೇಕರು ಅವರಿಗೆ ತಲೆಬಾಗಿದುದು ಭಯದಿಂದ ಮತ್ತು ಈ ಪ್ರಯೋಜನದಿಂದ, ಮತನಿಷ್ಠೆಯೊಂದರಿಂದಲೇ ಅಲ್ಲ.

ಪರದೇಶದ ಸೈನ್ಯವು ರಸ್ತೆಯನ್ನು ಕಾಯಬಲ್ಲುದು. ನ್ಯಾಯಾಧೀಶನ ಪೀಠವನ್ನು ತುಂಬಲಾರದು. ಅಷ್ಟೇ ಅಲ್ಲ, ಅದರ ಆಸರೆಯಿದ್ದುದರಿಂದ ಬಮಾಕೊದ ಆಳುವವರಿಗೆ ಆಡಳಿತವನ್ನು ತಿದ್ದಿಕೊಳ್ಳುವ ಒತ್ತಾಯವೂ ಕುಗ್ಗಿತೆನ್ನಬಹುದು. ರಕ್ಷಣೆಯಿಲ್ಲದ ಹಳ್ಳಿಗಳು ಜಾತಿವಾರು ಪಡೆಗಳನ್ನು ಕಟ್ಟಿಕೊಂಡವು. ೨೦೧೯ರ ಮಾರ್ಚ್ ೨೩ರಂದು ಒಗೊಸ್ಸಗೂ ಗ್ರಾಮದಲ್ಲಿ ಸುಮಾರು ೧೬೦ ಮಂದಿ ಫುಲಾನಿಗಳು ಕೊಲೆಯಾದರು. ಇಂತಹ ಪ್ರತಿಯೊಂದು ಕೊಲೆಯೂ ಪಂಥದವರ ಬೋಧನೆಗೆ ಬಲ ಕೊಟ್ಟಿತು.

ಇರಾಕ್ ಮತ್ತು ಸಿರಿಯಗಳಲ್ಲಿ 'ಇಸ್ಲಾಮಿಕ್ ಸ್ಟೇಟ್' ಪಂಥದ ಆಳಿಕೆಯನ್ನು ೨೦೧೯ರ ವೇಳೆಗೆ ಸೈನ್ಯಬಲವೇ ಮುರಿಯಿತಲ್ಲವೇ ಎಂದು ಕೇಳಬಹುದು. ಆಳಿಕೆ ಮುರಿದುದು ನಿಜ. ಆದರೆ ಅಲ್ಲಿಯೂ ನೆಲದ ಮೇಲಿನ ಹೋರಾಟದ ಬಹುಭಾಗವನ್ನು ನಡೆಸಿದವರು ಸ್ಥಳೀಯರು. ಪಂಥದ ಉಳಿಕೆಗಳು ಅನಂತರವೂ ದಾಳಿಗಳನ್ನು ನಡೆಸಿದವು.

ಫ್ರೆಂಚರು ೨೦೨೨ರ ಆಗಸ್ಟಿನಲ್ಲಿ ಮಾಲಿಯನ್ನು ಬಿಟ್ಟರು. ವಿಶ್ವಸಂಸ್ಥೆಯ ಶಾಂತಿಪಡೆ ೨೦೨೩ರ ಕೊನೆಗೆ ತೆರಳಿತು. ಅಷ್ಟರಲ್ಲಿ ರಷ್ಯದ ಕೂಲಿಪಡೆ ಬಂದಿದ್ದಿತು. ಆದರೂ ೨೦೨೪ರ ಸೆಪ್ಟೆಂಬರಿನಲ್ಲಿ ಬಮಾಕೊ ನಗರವೇ ದಾಳಿಗೆ ಗುರಿಯಾಯಿತು. ಹೊರಗಿನವರು ಹೋದುದರಿಂದಲೂ ಬೇರೆ ಹೊರಗಿನವರು ಬಂದುದರಿಂದಲೂ ಕಲಹ ತೀರಲಿಲ್ಲ.

ಹೀಗಾಗಿ, ಪಂಥವೊಂದು ವಶಪಡಿಸಿಕೊಂಡ ನೆಲವನ್ನು ಪರದೇಶದ ಸೈನ್ಯವು ಬಿಡಿಸಿಕೊಡಬಲ್ಲುದು, ಕಾಲಾವಕಾಶವನ್ನೂ ಒದಗಿಸಬಲ್ಲುದು ಎಂದಷ್ಟೇ ಹೇಳಬಹುದು. ಆ ಅವಕಾಶದಲ್ಲಿ ಹಳ್ಳಿಯ ವ್ಯಾಜ್ಯಕ್ಕೆ ತೀರ್ಪು ಕೊಡುವವರು ಯಾರು ಎಂಬುದರ ಮೇಲೆ ಉಳಿದುದೆಲ್ಲವೂ ನಿಂತಿದೆ. ಇಂತಹ ಪ್ರಸಂಗಗಳನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಯುದ್ಧದ ದಿನಚರಿಯೊಡನೆ ಹುಲ್ಲುಗಾವಲಿನ ವ್ಯಾಜ್ಯಗಳನ್ನೂ ಪರಿಶೀಲಿಸುವುದು ಅವಶ್ಯಕ.