ಹುಡುಗಿಯರಿಗೂ ಒಂದು ಕಟ್ಟೆ

ಮೇ ತಿಂಗಳಲ್ಲಿ ಎರೆಭೂಮಿ ಬಾಯಿ ಬಿಟ್ಟಿರುತ್ತದೆ. ಗದಗದಿಂದ ಬಂದ ಬಸ್ಸು ಅಗಸಿಯ ಮುಂದೆ ಒಂದಿಷ್ಟು ಹೊತ್ತು ನಿಂತು, ಧೂಳೆಬ್ಬಿಸಿ ಹೋದ ಮೇಲೆ ಓಣಿಗಳಲ್ಲಿ ಜನರ ಸುಳಿವಿಲ್ಲ. ಹೊಲದಲ್ಲಿ ಕೆಲಸವಿಲ್ಲ, ಮಳೆ ಬಿದ್ದರೆ ಹೆಸರು ಬಿತ್ತಬೇಕು. ಗಂಡಸರು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ, ಬೇವಿನ ನೆರಳಿನಲ್ಲಿದ್ದಾರೆ. ಹುಡುಗರು ಚಹಾದಂಗಡಿಯ ಬೆಂಚು ಹಿಡಿದಿದ್ದಾರೆ. ಹೆಣ್ಣುಮಕ್ಕಳು ನಳದ ಹತ್ತಿರ ಸಿಗುತ್ತಾರೆ, ಕೊಡ ತುಂಬುವ ತನಕ. ಗುಡಿಯಲ್ಲಿ ಸಿಗುತ್ತಾರೆ, ಮಂಗಳಾರತಿ ಮುಗಿಯುವ ತನಕ. ಯಾಕೆ ಬಂದೆ, ಯಾವಾಗ ಹೋಗುತ್ತೀ ಎಂದು ಯಾರೂ ಕೇಳದ ಹಾಗೆ ಗೆಳತಿಯ ಪಕ್ಕ ಒಂದು ತಾಸು ಕೂರುವ ಜಾಗ ಅವರಿಗೆ ಈ ಊರಲ್ಲಿ ಇರಲೇ ಇಲ್ಲ.

ಈಗ ಇದೆ. ಪಂಚಾಯಿತಿ ಕಚೇರಿಯ ಮಗ್ಗುಲಲ್ಲಿ, ಗೋಡೆಯ ತುಂಬ ನವಿಲು, ಗಾಂಧೀಜಿ, ಕನ್ನಡ ವರ್ಣಮಾಲೆ ಬರೆಸಿಕೊಂಡ ಎರಡು ಕೋಣೆಯ ಕಟ್ಟಡ. ಮೇಲೆ ‘ಗ್ರಾಮ ಪಂಚಾಯಿತಿ ಗ್ರಂಥಾಲಯ ಮತ್ತು ಅರಿವು ಕೇಂದ್ರ’ ಎಂಬ ಫಲಕ. ಬಾಗಿಲ ಮುಂದೆ ಸಣ್ಣ ಸಣ್ಣ ಚಪ್ಪಲಿಗಳ ರಾಶಿ. ಊರ ಬಾಯಲ್ಲಿ ಇದು ‘ಲೈಬ್ರರಿ’. ಇದನ್ನು ನೋಡಿಕೊಳ್ಳುವ ಮೇಲ್ವಿಚಾರಕಿ ‘ಲೈಬ್ರರಿ ಅಕ್ಕೋರು’.

ಬೆಳಗಿನ ಹೊತ್ತು ಹಿರಿಯರದು. ‘ಸಂಯುಕ್ತ ಕರ್ನಾಟಕ’ದ ಹಾಳೆಗಳು ಬೇರೆ ಬೇರೆಯಾಗಿ ನಾಲ್ಕು ಕೈಗೆ ಹಂಚಿಹೋಗುತ್ತವೆ. ಕಣ್ಣಿಗೆ ಪೊರೆ ಬಂದ ಅಜ್ಜನೊಬ್ಬ ಗೋಡೆಗೆ ಒರಗಿ ಕೂತು, “ಮಳಿ ಸುದ್ದಿ ಮೊದಲ ಓದಪಾ” ಎನ್ನುತ್ತಾನೆ. ಎದುರಿನವನು ಗಟ್ಟಿಯಾಗಿ ಓದುತ್ತಾನೆ. ಮುಂಗಾರು ಕೇರಳಕ್ಕೆ ಬರುವ ಸುದ್ದಿ ಮುಗಿದರೆ ಮೆಣಸಿನಕಾಯಿ ದರ, ಆಮೇಲೆ ರಾಜಕೀಯ. ಮಾತು ಏರುತ್ತಿರುವಾಗಲೇ ಮಕ್ಕಳ ದಂಡು ಬಾಗಿಲಿಗೆ ಬಂದು ನಿಲ್ಲುತ್ತದೆ. ಹಿರಿಯರು ಹಾಳೆಗಳನ್ನು ಜೋಡಿಸಿಟ್ಟು, ಪಂಚೆ ಕೊಡವಿ ಏಳುತ್ತಾರೆ. ಹೀಗೆ ಜಾಗ ಬಿಟ್ಟುಕೊಡಬೇಕೆಂದು ಯಾರೂ ಬರೆದಿಟ್ಟಿಲ್ಲ, ಆದರೂ ಅದು ದಿನಾ ನಡೆಯುತ್ತದೆ.

ಬೇಸಿಗೆ ಶಿಬಿರ. ಜಮಖಾನೆ ಹಾಸುವುದೇ ಮೊದಲ ಆಟ. ಒಂದು ಮೂಲೆಯಲ್ಲಿ ಹಳೆಯ ಪತ್ರಿಕೆಯಿಂದ ಟೊಪ್ಪಿಗೆ, ಹಡಗು. ಇನ್ನೊಂದು ಮೂಲೆಯಲ್ಲಿ ತೊಗರಿ, ಅಲಸಂದಿ, ಜೋಳದ ಕಾಳು ಅಂಟಿಸಿ ಚಿತ್ರ. ನಡುವೆ ನಾಟಕದ ತಾಲೀಮು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಈ ಸಲದ ನಾಟಕ. ರಟ್ಟಿನ ಕಿವಿ, ಸುತಳಿ ಬಾಲ ಕಟ್ಟಿಕೊಂಡ ಇಲಿಗಳಿಗೆ ಮಾತ್ರ ಕೊರತೆಯಿಲ್ಲ. ಎಲ್ಲರಿಗೂ ಇಲಿಯೇ ಆಗಬೇಕು, ಗೌಡನಾಗಲು ಯಾರೂ ಒಪ್ಪುತ್ತಿಲ್ಲ. ಜೋಗಿಯ ಪಾತ್ರ ಆರನೆಯ ಇಯತ್ತೆಯ ಹುಡುಗಿಯದು. ಅಪ್ಪನ ಹಳೆಯ ರುಮಾಲು ಅವಳ ಕಣ್ಣಿನ ತನಕ ಇಳಿದಿದೆ.

“ನಮ್ಮ ಜ್ವಾಳದ ಚೀಲಾನೂ ಇಲಿ ಕಡದಾವ್ರೀ ಅಕ್ಕೋರ, ಈ ಜೋಗೀನ್ನ ನಮ್ಮೂರಿಗೂ ಕರಸೋಣು” ಎಂದ ಒಬ್ಬ ಹುಡುಗ.

“ಕರಸಿದ್ರ ಇಲಿ ಎಲ್ಲಿ ಮುಳಗಸ್ತೀ? ಕೆನಾಲಿನ್ಯಾಗ ನೀರ ಇಲ್ಲ” ಎಂದಳು ಜೋಗಿ.

ಬ್ರೌನಿಂಗ್ ಎಂಬ ಇಂಗ್ಲಿಷ್ ಕವಿ ಜರ್ಮನಿಯ ಒಂದು ಪಟ್ಟಣದ ಇಲಿಗಳ ಬಗ್ಗೆ ಬರೆದ. ಕುವೆಂಪು ಆ ಇಲಿಗಳನ್ನು ತುಂಗೆಯ ದಂಡೆಗೆ ತಂದರು. ಈ ಮಕ್ಕಳು ಅವನ್ನು ಮಲಪ್ರಭಾ ಕಾಲುವೆಯ ತನಕ ಓಡಿಸಿಕೊಂಡು ಬಂದಿದ್ದಾರೆ. ಓದು ನಿಜವಾಗಿ ಆಯಿತು ಎಂದು ನನಗೆ ಅನ್ನಿಸಿದ್ದು ಆ ಗಳಿಗೆಯಲ್ಲಿ.

ಒಳಕೋಣೆಯಲ್ಲಿ ಚೆಸ್. ಎರಡೇ ಹಲಗೆ, ಸುತ್ತ ನಿಂತವರೇ ಹೆಚ್ಚು. ಎರಡು ಜಡೆಯ ಹುಡುಗಿಯೊಬ್ಬಳು ಮೀಸೆ ಚಿಗುರುತ್ತಿರುವ ಹುಡುಗನಿಗೆ, “ನಿನ್ನ ಆನಿ ಹೋತು ನೋಡಣ್ಣಾ” ಎಂದು ಮೆಲ್ಲಗೆ ಹೇಳಿ ಆನೆಯನ್ನು ತನ್ನ ಕಡೆ ಎತ್ತಿಟ್ಟುಕೊಂಡಳು. ಅವನು ಸಿಟ್ಟಾಗಲಿಲ್ಲ, ಮತ್ತೊಂದು ಆಟ ಎಂದ. ಊರ ಬೀದಿಯಲ್ಲಿ ಇವರಿಬ್ಬರು ಎದುರುಬದುರು ಕೂತು ಆಡುವುದನ್ನು ಊಹಿಸಲೂ ಆಗದು. ಇಲ್ಲಿ ಅದು ಯಾರ ಕಣ್ಣನ್ನೂ ಚುಚ್ಚುತ್ತಿಲ್ಲ.

ಹಿಂದಿನ ಲೈಬ್ರರಿಯನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಕಬ್ಬಿಣದ ಕಪಾಟು, ಅದಕ್ಕೆ ಬೀಗ. ಪುಸ್ತಕಗಳ ಬೆನ್ನು ಗಾಜಿನೊಳಗಿಂದ ಕಾಣುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. ಪೇಪರು ಓದಲು ನಾಲ್ಕು ಗಂಡಸರು ಬರುತ್ತಿದ್ದರು, ಬಾಗಿಲು ದಿನಕ್ಕೆ ನಾಲ್ಕು ತಾಸು ತೆರೆದಿರುತ್ತಿತ್ತು. ಕಪಾಟು ತೆರೆದಿಡಿ, ಓದುಗ ತಾನೇ ಆರಿಸಿಕೊಳ್ಳಲಿ ಎಂದು ಗ್ರಂಥಾಲಯ ಶಾಸ್ತ್ರಜ್ಞ ಎಸ್.ಆರ್. ರಂಗನಾಥನ್ 1931ರಲ್ಲೇ ತಮ್ಮ ಪಂಚಸೂತ್ರಗಳಲ್ಲಿ ವಾದಿಸಿದ್ದರು. ಅವರು ಬದುಕಿನ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಮನೆಪಟ್ಟಿ ಕಟ್ಟುವಾಗ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯ ಉಪಕರವೂ ಸೇರಿರುತ್ತದೆ. ಪುಸ್ತಕ ಕೇಳುವ ಮಗು ಯಾರ ದಾನವನ್ನೂ ಕೇಳುತ್ತಿಲ್ಲ, ಮನೆಯವರು ಕಟ್ಟಿದ ದುಡ್ಡಿನ ಹಕ್ಕನ್ನು ಕೇಳುತ್ತಿದೆ. ಇದನ್ನು ಊರೂರಲ್ಲಿ ಡಂಗುರ ಹೊಡೆಸಿ ಹೇಳಬೇಕು.

ಊರ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಮರುವರ್ಷ ಕೊರೊನಾ ಬಂದು ಶಾಲೆಗಳು ಮುಚ್ಚಿದ್ದಾಗ, ನವೆಂಬರ್ 14ರಂದು ‘ಓದುವ ಬೆಳಕು’ ಅಭಿಯಾನ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ರಾಜ್ಯದ 5,600ಕ್ಕೂ ಹೆಚ್ಚು ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳ ಹೆಸರು ಏರತೊಡಗಿತು. ಪಾಠವಿಲ್ಲದ ದಿನಗಳಲ್ಲಿ ಅಕ್ಷರ ಮರೆಯದ ಹಾಗೆ ಎಷ್ಟೋ ಮಕ್ಕಳನ್ನು ಕಾಯ್ದದ್ದು ಈ ಕೋಣೆಗಳು.

ಮಧ್ಯಾಹ್ನ ಮನೆಗೆ ಹೋಗುವಾಗ ಮಕ್ಕಳು ಪುಸ್ತಕ ಬರೆಸುತ್ತಾರೆ. ತಮಗೊಂದು, ಅವ್ವನಿಗೊಂದು. ಓದಲು ಬರದ ಅವ್ವನಿಗೆ ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಕೂತು ಓದಿ ಹೇಳಬೇಕು. ಹೀಗೆ ಹೋದ ಒಂದು ಕಥೆಪುಸ್ತಕ ತಿರುಗಿ ಬಂದಾಗ ಹುಡುಗಿ ಮುಖ ಗಂಟು ಹಾಕಿದ್ದಳು. “ಅಕ್ಕೋರ, ಇದರ ಕಡೀ ಹಾಳಿ ಎಲ್ಲಿ ಹೋತ್ರೀ? ಆಕಿ ತವರಮನಿಗೆ ಹೋದ್ಲೋ ಇಲ್ಲೋ ತಿಳೀದ ನಮ್ಮವ್ವಗ ನಿದ್ದಿ ಬರವಲ್ದು.” ಅಕ್ಕೋರಿಗೂ ಗೊತ್ತಿರಲಿಲ್ಲ. ಆ ಪುಸ್ತಕ ಹಿಂದೆ ಓದಿದ್ದವರು ಯಾರು ಎಂದು ರಿಜಿಸ್ಟರ್ ತಿರುವಿ, ಮೇಲಿನ ಓಣಿಯ ಸೊಸೆಯೊಬ್ಬಳಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿದರು. ಕಥೆಯ ಕೊನೆ ಫೋನಿನಲ್ಲಿ ಬಂತು. ಅದು ಸರಿಯಾದ ಕೊನೆಯಲ್ಲ, ಆಕೆ ಹೋಗಬಾರದಿತ್ತು ಎಂದು ಅಲ್ಲಿದ್ದ ಇಬ್ಬರು ವಾದಕ್ಕೆ ನಿಂತರು.

ಸಂಜೆಯಾದ ಮೇಲೆ ಕೋಣೆಯ ಚಹರೆಯೇ ಬೇರೆ. ಪೊಲೀಸ್ ಕಾನ್‌ಸ್ಟೆಬಲ್, ಎಸ್‌ಡಿಎ, ಪಿಡಿಒ ಪರೀಕ್ಷೆಗೆ ಓದುವವರು ಬರುತ್ತಾರೆ. ಹುಡುಗರಾದರೆ ಧಾರವಾಡದಲ್ಲಿ ರೂಮು ಮಾಡಿ, ಕೋಚಿಂಗ್ ಸೇರುತ್ತಾರೆ. ಹುಡುಗಿಯರನ್ನು ಅಷ್ಟು ದೂರ ಕಳಿಸಲು ಮನೆಯಲ್ಲಿ ದುಡ್ಡೂ ಇಲ್ಲ, ಮನಸ್ಸೂ ಇಲ್ಲ. ಲೈಬ್ರರಿಗೆ ಕಳಿಸುತ್ತಾರೆ, ಅದು ಪಂಚಾಯಿತಿಯ ಪಕ್ಕದಲ್ಲಿದೆ, ಅಕ್ಕೋರು ಇರುತ್ತಾರೆ. ಒಬ್ಬಳು ಭೂಗೋಳದ ಪ್ರಶ್ನೆ ಕೇಳುತ್ತಾಳೆ, ಮತ್ತೊಬ್ಬಳು ಉತ್ತರಿಸುತ್ತಾಳೆ, ಮೂರನೆಯವಳು ಲೈಬ್ರರಿಯ ಕಂಪ್ಯೂಟರಿನಲ್ಲಿ ಅರ್ಜಿ ತುಂಬುತ್ತಿರುತ್ತಾಳೆ. ನಡುನಡುವೆ ಸೀರೆ, ಸಿನಿಮಾ, ಯಾರದೋ ನಿಶ್ಚಯದ ಮಾತು. ಆ ಹರಟೆ ಕೇಳುತ್ತ ನನಗೆ ಬಲು ಸಂತೋಷವಾಯಿತು. ಗುಡಿಯ ಕಟ್ಟೆಯ ಮೇಲೆ ಗಂಡಸರು ತಲೆಮಾರುಗಳಿಂದ ಅನುಭವಿಸಿಕೊಂಡು ಬಂದದ್ದು ಇದನ್ನೇ ಅಲ್ಲವೇ? ಇವರಿಗೆ ಅದು ಪುಸ್ತಕಗಳ ಜೊತೆಗೇ ಸಿಕ್ಕಿದೆ.

ಇಷ್ಟೆಲ್ಲ ನಿಂತಿರುವುದು ಒಬ್ಬ ಹೆಣ್ಣುಮಗಳ ಮೇಲೆ. ಕಸ ಹೊಡೆಯುವುದು, ರಿಜಿಸ್ಟರ್ ಬರೆಯುವುದು, ಹರಿದ ಪುಸ್ತಕಕ್ಕೆ ಅಂಟು ಹಚ್ಚುವುದು, ಶಿಬಿರದ ಫೋಟೊ ತೆಗೆದು ಮೇಲಿನವರಿಗೆ ಕಳಿಸುವುದು, ಮನೆಮನೆಗೆ ಹೋಗಿ ಓದಿಟ್ಟ ಪುಸ್ತಕ ಬೇಡಿ ತರುವುದು, ಎಲ್ಲ ಅವರದೇ. ಇಷ್ಟು ಕೆಲಸ ಹೇಳುವಾಗ ಅವರ ಸಂಬಳದ ಮಾತೂ ಅದೇ ದನಿಯಲ್ಲಿ ಕೇಳಬೇಕು.

ಹೋದ ಸಲದ ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರು ಎದ್ದು ನಿಂತು ಮೂರು ಬೇಡಿಕೆ ಇಟ್ಟಿದ್ದರು. ಲೈಬ್ರರಿ ರಾತ್ರಿ ಒಂಬತ್ತರ ತನಕ ತೆರೆದಿರಬೇಕು, ಅಲ್ಲಿಂದ ಮನೆಗೆ ಹೋಗುವ ಓಣಿಗೆ ದೀಪ ಬೇಕು, ತಮಗೊಂದು ಶೌಚಾಲಯ ಬೇಕು. ನೀರು ಕುಡಿಯದೆ ಓದಲು ಕೂರುತ್ತೇವೆ ಎಂದು ಒಬ್ಬಳು ಹೇಳಿದಾಗ ಸಭೆಯಲ್ಲಿದ್ದ ದೊಡ್ಡವರು ತಲೆ ತಗ್ಗಿಸಿದರಂತೆ. ಓಣಿಗೆ ದೀಪ ಬಂದಿದೆ. ಹೊತ್ತು ಸದ್ಯಕ್ಕೆ ಎಂಟರ ತನಕ. ಶೌಚಾಲಯ ಈ ವರ್ಷದ ಕ್ರಿಯಾ ಯೋಜನೆಯಲ್ಲಿ ಸೇರಿದೆ ಎಂದು ಪಂಚಾಯಿತಿ ಹೇಳುತ್ತದೆ. ಹುಡುಗಿಯರು ಆ ಪುಟದ ಜೆರಾಕ್ಸ್ ತೆಗೆಸಿ, ಶೌಚಾಲಯದ ಸಾಲಿಗೆ ಕೆಂಪು ಗೆರೆ ಎಳೆದು, ಒಳಗೆ ಬಂದವರೆಲ್ಲ ಓದುವ ಹಾಗೆ ನೋಟಿಸ್ ಬೋರ್ಡಿಗೆ ಅಂಟಿಸಿದ್ದಾರೆ.