ಶಬ್ದನಿವಾರಕ ಹೆಡ್‌ಸೆಟ್‌ಗಳಲ್ಲಿ ಅತಿ ಕಡಿಮೆ ಆವರ್ತನದ ಶಬ್ದ

ಸಕ್ರಿಯ ಶಬ್ದನಿವಾರಕ ಹೆಡ್‌ಸೆಟ್ ಹೊರಗಿನ ಶಬ್ದವನ್ನು ಮೈಕ್ರೊಫೋನಿನಿಂದ ಗ್ರಹಿಸಿ, ಅದಕ್ಕೆ ವಿರುದ್ಧ ಹಂತದ ತರಂಗವನ್ನು ಕಿವಿಯ ಬಳಿ ಉಂಟುಮಾಡಿ, ಎರಡನ್ನೂ ಪರಸ್ಪರ ರದ್ದುಗೊಳಿಸುವ ಸಾಧನ. ಈ ತತ್ತ್ವಕ್ಕೆ ಜರ್ಮನಿಯ ಪೌಲ್ ಲ್ಯೂಗ್ ಅವರು 1936ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ವಿಮಾನದ ಎಂಜಿನ್ನಿನ ಮೊರೆತದಂತಹ ಕಡಿಮೆ ಆವರ್ತನದ ಶಬ್ದಗಳಿಗೆ ಇದು ಹೆಚ್ಚು ಪರಿಣಾಮಕಾರಿ. 100 ಹರ್ಟ್ಸ್ ಶಬ್ದದ ತರಂಗಾಂತರ ಗಾಳಿಯಲ್ಲಿ ಸುಮಾರು 3.4 ಮೀಟರ್, ಆದ್ದರಿಂದ ಕಿವಿಯನ್ನು ಮುಚ್ಚುವ ಸಣ್ಣ ಬಟ್ಟಲಿನೊಳಗೆ ಹಂತದ ವ್ಯತ್ಯಾಸ ಅತ್ಯಲ್ಪ.

ಸಮಸ್ಯೆ
ಸುಮಾರು 20 ಹರ್ಟ್ಸ್‌ಗಿಂತ ಕೆಳಗಿನ ಕಂಪನಗಳು ಮನುಷ್ಯನಿಗೆ ಸಾಮಾನ್ಯವಾಗಿ ಕೇಳಿಸುವುದಿಲ್ಲ. ಆದರೆ ಮೈಕ್ರೊಫೋನು ಅವನ್ನು ಗ್ರಹಿಸಬಲ್ಲದು. ಕಾರಿನ ಬಾಗಿಲು ಮುಚ್ಚಿದಾಗ ಅಥವಾ ನಡೆಯುವಾಗ ಬಟ್ಟಲು ಅಲುಗಿದಾಗ ಉಂಟಾಗುವ ಒತ್ತಡದ ಏರಿಳಿತಗಳು ಇಂಥವು. ಇವುಗಳನ್ನೂ ರದ್ದುಗೊಳಿಸಲು ಸ್ಪೀಕರಿನ ಪೊರೆ ತನ್ನ ಮಿತಿ ಮೀರಿ ಚಲಿಸಬೇಕಾಗುತ್ತದೆ. ಬಟ್ಟಲಿನ ಅಂಚಿನಲ್ಲಿ ಗಾಳಿ ಸೋರಿದರೆ ಈ ಹೊರೆ ಇನ್ನೂ ಹೆಚ್ಚುತ್ತದೆ. ಆಗ ಕೇಳಿಸದ ಶಬ್ದದ ನಿವಾರಣೆಗಾಗಿ ಕೇಳಿಸುವ ಮಾತು, ಸಂಗೀತಗಳೇ ವಿಕೃತಗೊಳ್ಳುತ್ತವೆ. 'ಟಪ್' ಎಂಬ ಸದ್ದೂ ಬರಬಹುದು.

ಪರಿಹಾರ
ಅತಿ ಕಡಿಮೆ ಆವರ್ತನಗಳನ್ನು ತಡೆಯುವ ವಿದ್ಯುನ್ಮಾನ ಶೋಧಕದ ಬಳಕೆ ಒಂದು ವಿಧಾನ. ಆದರೆ ಶೋಧಕವು ಸಂಕೇತದ ಹಂತವನ್ನೂ ಬದಲಿಸುವುದರಿಂದ, ಅದರ ಮಿತಿಯನ್ನು ಹೆಚ್ಚು ಎತ್ತರಿಸಿದರೆ ಎಂಜಿನ್ ಮೊರೆತದ ನಿವಾರಣೆಯೂ ಕುಂದುತ್ತದೆ. ಏರಿಳಿತ ಮಿತಿಮೀರಿದ ಕ್ಷಣದಲ್ಲಿ ಮಾತ್ರ ವರ್ಧನೆಯನ್ನು ತಗ್ಗಿಸುವುದು ಮತ್ತೊಂದು ವಿಧಾನ.